ಕುರುಗೋಡಿನ ಮೈಕು, ಪಾರ್ವತಿನಗರದ ಟೀವಿ

ಇಪ್ಪತ್ತು ವರ್ಷ ಬರೀ ದನಿಯಾಗಿ ಗೊತ್ತಿದ್ದ ಮನುಷ್ಯರೊಬ್ಬರು ಮುಪ್ಪಿನಲ್ಲಿ ಮೊದಲ ಸಲ ಟೀವಿಯಲ್ಲಿ ಮುಖ ತೋರಿಸಿದಾಗ, ನಮ್ಮ ಪಾರ್ವತಿನಗರದ ಪಕ್ಕದ ಬೀದಿಗಳ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು "ಅಯ್ಯ, ಇವರೇನಾ?" ಎಂದರು. ಅವರ ತಪ್ಪೇನಿಲ್ಲ. ಆ ದನಿ ಕೇಳಿದವರು ಆರಡಿ ಎತ್ತರದ, ಹುರಿಮೀಸೆಯ ಗಂಡಸನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಿದ್ದರು. ಟೀವಿಯಲ್ಲಿ ಕಂಡವರು ಐದಡಿಯ, ಕೊರಳಿನ ನರ ಎದ್ದ, ಅಂಗಿ ಭುಜದಿಂದ ಜಾರುವಂತಿದ್ದ ನಮ್ಮ ಡ್ರಿಲ್ ಮಾಸ್ತರು.

ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮಾಸ್ತರು, ನಾನು ಲೆಕ್ಕದ ಮಾಸ್ತರು. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಕುರುಗೋಡು, ಸಿರುಗುಪ್ಪದ ಕಡೆ ಎಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯ ನಡೆದರೂ ಮೈಕಿನಲ್ಲಿ ಮಾತಾಡಲು ಅವರೇ ಬೇಕು. ಅಂಕ ಬರೆಯಲು ಕೂಡಿಸುವುದು ಬಲ್ಲವರು ಯಾರಾದರೂ ಸಾಕು, ಹಾಗಾಗಿ ನಾನು. ಕರೆಯಲು ಬಂದ ಹುಡುಗರಿಗೆ ಅವರು ಹಾಕುತ್ತಿದ್ದ ಷರತ್ತು ಒಂದೇ: ಗಂಟಲಿಗೆ ಲವಂಗ, ಕಲ್ಲುಸಕ್ಕರೆ ತಪ್ಪಬಾರದು. ನನ್ನ ಷರತ್ತೇನೆಂದು ಯಾರೂ ಕೇಳಲಿಲ್ಲ.

ಈ ವಿದ್ಯೆಯನ್ನು ಅವರು ಕಲಿತದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ರೇಡಿಯೋದಿಂದ. ಕ್ರಿಕೆಟ್ಟಿನ ಇಂಗ್ಲಿಷ್ ಕಾಮೆಂಟರಿ ಬರುವಾಗ ಒಂದು ಅರ್ಧ ಕಪ್ ಚಹಾ ಇಟ್ಟುಕೊಂಡು ಸಂಜೆಯವರೆಗೆ ಕೂರುತ್ತಿದ್ದರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೇ. "ಅರ್ಥ ಯಾರಿಗೆ ಬೇಕ್ರಿ? ದನಿ ಯಾವಾಗ ಏರತೈತಿ, ಯಾವಾಗ ಇಳಿತೈತಿ, ಅದನ್ನ ಕಲಿಬೇಕು," ಎನ್ನುತ್ತಿದ್ದರು. ಹಾಗೆ ಏರಿಳಿತವನ್ನು ಕಲಿತರು. ಅರ್ಥವನ್ನು ತಾವೇ ತುಂಬಿಕೊಂಡರು.

ಅವರ ಕೆಲಸದ ರೀತಿಯೇ ಬೇರೆ. ಪಂದ್ಯಕ್ಕೆ ಒಂದು ತಾಸು ಮೊದಲೇ ಹೋಗಿ, ಚಡ್ಡಿಯ ಲಾಡಿ ಕಟ್ಟುತ್ತ ನಿಂತ ಆಟಗಾರರ ನಡುವೆ ಓಡಾಡಿ ವಿಚಾರಿಸುತ್ತಿದ್ದರು. "ಯಾರ ಮಗನಪಾ ನೀನು? ಹೊಲ ಕಾಲುವಿ ಕೆಳಗ ಬರತೈತೋ ಮ್ಯಾಲೋ? ಎಮ್ಮಿ ಎಷ್ಟು ಕಟ್ಟೀರಿ?" ಬರೆದುಕೊಳ್ಳುತ್ತಿರಲಿಲ್ಲ, ಎಲ್ಲ ತಲೆಯಲ್ಲೇ. ಆಮೇಲೆ ಎಡಗೈಯನ್ನು ಎಡಗಿವಿಗೆ ಒತ್ತಿ, ಹಿಮ್ಮಡಿ ಎತ್ತಿ, ಮೈಕಿಗೆ ಬಾಯಿ ತಗುಲಿಸಿದರೆಂದರೆ ಆ ಎಮ್ಮೆಗಳೆಲ್ಲ ಅಂಕಣಕ್ಕೆ ಇಳಿಯುತ್ತಿದ್ದವು. "ಬಂದ ನೋಡಿ ಸಿರುಗುಪ್ಪದ ಪೋಸ್ಟ್‌ಮ್ಯಾನ್ ಮಗ! ಅಪ್ಪ ಊರೂರಿಗೆ ಕಾಗದ ಹಂಚಿದರೆ ಮಗ ಎದುರಾಳಿಗಳಿಗೆ ಸೋಲು ಹಂಚಲು ಹೊರಟಿದ್ದಾನೆ! ಏಮಿ ಕಾಲು, ಏಮಿ ಚಳಕ! ವಾಹ್ ರೇ ವಾಹ್!" ಆಟದ ವಿವರಕ್ಕೆ ಪುಸ್ತಕದ ಕನ್ನಡ, ಹುರುಪಿಗೆ ತೆಲುಗು, ಶಹಬ್ಬಾಸ್‌ಗಿರಿಗೆ ಉರ್ದು. ಮೂರೂ ಭಾಷೆಯವರು ತಮ್ಮ ಪಾಲಿಗೆ ಬಂದಷ್ಟನ್ನು ತಗೊಂಡು ಸಂತೋಷಪಡುತ್ತಿದ್ದರು. ಹುಡುಗರು ಚೆನ್ನಾಗಿ ಆಡುತ್ತಿದ್ದದ್ದು ಗೆಲ್ಲುವುದಕ್ಕೋ, ತಮ್ಮ ಅಪ್ಪನ ಹೆಸರು ಲೌಡ್‌ಸ್ಪೀಕರಿನ ಹಾರ್ನಿನಲ್ಲಿ ಬರಲೆಂದೋ ಎಂದು ನನಗೆ ಎಷ್ಟೋ ಸಲ ಅನುಮಾನವಾಗಿದೆ.

ಅವರಿಗೊಂದು ನೇಮವಿತ್ತು: ಮೈಕಿನಲ್ಲಿ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬಾರದು. ಒಮ್ಮೆ ವಾಲಿಬಾಲ್ ಪಂದ್ಯದಲ್ಲಿ ಹದಿಮೂರು-ಹನ್ನೊಂದು ಇದ್ದದ್ದನ್ನು ಹದಿಮೂರು-ಹನ್ನೆರಡು ಎಂದುಬಿಟ್ಟರು. ನಾನು ಅಂಗಿ ಎಳೆದು ತೋರಿಸಿದೆ. ಮೈಕಿಗೆ ಕೈ ಅಡ್ಡ ಇಟ್ಟು, "ಬರದಬಿಡ್ರಿ, ನಾ ಹೇಳಿಬಿಟ್ಟೀನಿ," ಎಂದರು. ನಾನು ಬರೆಯಲಿಲ್ಲ. ಅವರೂ ತಿದ್ದಿಕೊಳ್ಳಲಿಲ್ಲ. ಅಂಕದ ಸುದ್ದಿಯನ್ನೇ ಬಿಟ್ಟು, ಸರ್ವಿಸ್ ಮಾಡಲು ನಿಂತಿದ್ದ ಹುಡುಗನ ಅಜ್ಜ ಹಿಂದೆ ಹೇಗೆ ಕುಸ್ತಿ ಹಿಡಿಯುತ್ತಿದ್ದ ಎಂಬ ಕಥೆ ಎತ್ತಿದರು. ಅಜ್ಜ ಅಖಾಡದಿಂದ ಹೊರಗೆ ಬರುವುದರೊಳಗೆ ಆ ಹನ್ನೆರಡನೆಯ ಅಂಕ ಬಂದೇ ಬಂತು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. "ಒಂದು ಸಲ ತಪ್ಪಾತು ಅಂದ್ರ ಮುಂದ ಹೇಳಿದ್ದ್ಯಾವುದೂ ಮಂದಿ ನಂಬಂಗಿಲ್ರಿ," ಎಂದು ಬರುವಾಗ ಬಸ್ಸಿನಲ್ಲಿ ನನಗೆ ಬುದ್ಧಿ ಹೇಳಿದರು.

ಮಂದಿ ನಂಬುತ್ತಿದ್ದದ್ದೂ ಅಷ್ಟೇ ನಿಜ. ಆ ದಿನಗಳಲ್ಲಿ ನಮ್ಮ ಕಡೆ ಮೈಕಿನಲ್ಲಿ ಹೇಳಿದ ಮಾತಿಗೆ ರುಜು, ಮೊಹರು ಯಾವುದೂ ಬೇಕಿರಲಿಲ್ಲ. ಕಳೆದುಹೋದ ಕೂಸು, ಸಿಕ್ಕ ಮೇಕೆ, ನಿಂತ ಮದುವೆ, ಎಲ್ಲಕ್ಕೂ "ಮೈಕಿನಾಗ ಹೇಳ್ಯಾರ" ಎಂದರೆ ಮುಗಿಯಿತು.

ಮೈಕು ಇಲ್ಲದ ಕಡೆಯೂ ಚಟ ಬಿಡುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದರೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ಮೆಲ್ಲಗೆ ಸುರುಮಾಡುತ್ತಿದ್ದರು: "ಜೀಪಿನಿಂದ ಎಡಗಾಲು ಕೆಳಗಿಟ್ಟಿದ್ದಾರೆ... ಹೆಡ್‌ಮಾಸ್ತರು ಹಾರ ಹಿಡಿದು ಮುನ್ನುಗ್ಗಿದ್ದಾರೆ... ಹಾರ ಚಿಕ್ಕದಾಯಿತು, ತಲೆ ದೊಡ್ಡದಾಯಿತು..." ನಾವೆಲ್ಲ ಬಾಯಿಗೆ ಕರವಸ್ತ್ರ ತುರುಕಿಕೊಳ್ಳುತ್ತಿದ್ದೆವು. ಇಷ್ಟು ಮಾತಾಡುವವರು ಮನೆಯಲ್ಲಿ ಮಾತ್ರ ಮೌನ. ಅವರ ಹೆಂಡತಿ ನನ್ನವಳ ಮುಂದೆ, "ಉಪ್ಪು ಹೆಚ್ಚಾಗೇತೋ ಕಮ್ಮಿ ಆಗೇತೋ ಅದನ್ನೂ ಹೇಳಂಗಿಲ್ಲಕ್ಕ. ಅಡಿಗಿ ಮನ್ಯಾಗೂ ಒಂದು ಮೈಕ್ ಇಡಬೇಕು ಅಂತ ಮಾಡೀನಿ," ಎಂದಿದ್ದರಂತೆ.

ಇನ್ನು ಕುರುಗೋಡಿನ ಪಂದ್ಯದ ವಿಷಯ. ಅದನ್ನು ಹೇಳದೆ ಬರೀ ಇಂಥವನ್ನೇ ಹೇಳುತ್ತ ಹೋಗುವುದು ನನಗೂ ಸುಲಭವೇ.

ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ಬಸವೇಶ್ವರ ಗುಡಿಯ ಆಚೆಯ ಬಯಲಿನಲ್ಲಿ ಕಬಡ್ಡಿ ಫೈನಲ್. ಒಂದು ಕಡೆ ಕುರುಗೋಡಿನವರು, ಇನ್ನೊಂದು ಕಡೆ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವರು. ಹಚ್ಚೊಳ್ಳಿಯಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಅವರ ಆಸೆಯೆಲ್ಲ ಈರಣ್ಣನ ಮೇಲೆ. ಇಪ್ಪತ್ತೆರಡು ವರ್ಷದ ಹುಡುಗ. ಎದುರಾಳಿಯ ಅಂಕಣಕ್ಕೆ ಹೋದರೆ ಅವನ ದಮ್ಮು ಮುಗಿಯುವುದನ್ನು ಕಾಯುತ್ತ ಕಾಯುತ್ತ ಹಿಡಿಯುವವರಿಗೇ ದಣಿವಾಗುತ್ತಿತ್ತು. ಕಬಡ್ಡಿಯ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಗೆರೆ ದಾಟಿದವನು ವಾಪಸ್ ಬರುವ ತನಕ ಒಂದೇ ಉಸಿರಿನಲ್ಲಿ "ಕಬಡ್ಡಿ, ಕಬಡ್ಡಿ" ಎನ್ನುತ್ತಿರಬೇಕು, ಅದು ರೆಫ್ರಿಯ ಕಿವಿಗೆ ಬೀಳುತ್ತಿರಬೇಕು. ನಡುವೆ ನಿಂತಿತೋ, ದಮ್ಮು ಮುರಿಯಿತು, ಅವನು ಔಟು.

ಕಡೇ ನಿಮಿಷ. ಕುರುಗೋಡಿನವರು ಎರಡು ಅಂಕ ಮುಂದಿದ್ದರು. ಈರಣ್ಣ ಒಳಗೆ ಹೋದ. ಮೂವರನ್ನು ಮುಟ್ಟಿದ. ನಾಲ್ಕನೆಯವನು ಹಿಂದಿನಿಂದ ಬಂದು ಸೊಂಟಕ್ಕೆ ಬಿದ್ದ, ಮುಟ್ಟಿಸಿಕೊಂಡವರೂ ಕಾಲಿಗೆ ಬಿದ್ದರು. ನಾಲ್ವರನ್ನೂ ಎಳೆದುಕೊಂಡು ಈರಣ್ಣ ಗೆರೆಯ ಕಡೆ ತೆವಳುತ್ತಿದ್ದ. ಡ್ರಿಲ್ ಮಾಸ್ತರ ದನಿ ಆಗ ಏರಿದಷ್ಟು ಏರಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಅಂಕಣದ ಎರಡೂ ಬದಿಗೆ ಕಟ್ಟಿದ ಹಾರ್ನುಗಳು ಮೂರು ಭಾಷೆಯಲ್ಲಿ ಒದರುತ್ತಿದ್ದವು. ಆ ಗದ್ದಲದಲ್ಲಿ ಈರಣ್ಣನ ಕಬಡ್ಡಿ ಅವನ ಸೊಂಟ ಹಿಡಿದವನಿಗಾದರೂ ಕೇಳಿಸಿತೋ ಇಲ್ಲವೋ. ರೆಫ್ರಿ ಮೊಣಕಾಲೂರಿ, ತಲೆ ಬಗ್ಗಿಸಿ, ಕಿವಿಗೆ ಕೈ ಹಚ್ಚಿ ಪರದಾಡುತ್ತಿದ್ದ. ಈರಣ್ಣನ ಬೆರಳು ಗೆರೆಗೆ ಗೇಣಷ್ಟು ದೂರದಲ್ಲಿದ್ದಾಗ ನಮ್ಮ ಮಾಸ್ತರು ಒಂದು ಕ್ಷಣ ತಡೆದು, ದನಿ ಇಳಿಸಿ, ಎರಡೇ ಶಬ್ದ ಹೇಳಿದರು: "ದಮ್ಮು ಮುರಿಯಿತು!"

ರೆಫ್ರಿ ಸೀಟಿ ಊದಿದ. ಅವನ ಕಿವಿಗೆ ಕೇಳಿಸಿದ್ದು ಅದೊಂದೇ.

ನಾನು ನಡುಗೆರೆಯ ನೇರಕ್ಕೇ ಮೇಜು ಹಾಕಿಕೊಂಡು ಕೂತಿದ್ದವನು. ಈರಣ್ಣನ ಮುಖ ನನ್ನ ಕಡೆಗಿತ್ತು. ಸೀಟಿ ಊದುವಾಗಲೂ ಅವನ ತುಟಿ ಆಡುತ್ತಿದ್ದವು. ಗೆರೆ ಮುಟ್ಟಿದ ಮೇಲೂ ಆಡುತ್ತಿದ್ದವು. ಎದ್ದು ಹೇಳಬಹುದಾಗಿತ್ತು. ಆದರೆ ಅಂಕ ಬರೆಯುವವನು ಅಂಕ ಬರೆಯಬೇಕು, ತೀರ್ಪಿಗೆ ಬಾಯಿ ಹಾಕಬಾರದು ಎಂದು ನಿಯಮ. ನಿಯಮದ ಮರೆಯಲ್ಲಿ ಕೂರುವುದು ಲೆಕ್ಕದ ಮಾಸ್ತರಿಗೆ ಕಷ್ಟದ ಕೆಲಸವಲ್ಲ. ಕುರುಗೋಡಿಗೆ ಒಂದು ಅಂಕ ಬರೆದೆ. ಆ ಬರೆದ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈರಣ್ಣ ಬಂದು ಮೇಜಿನ ಮುಂದೆ ನಿಂತು, "ನಾ ದಮ್ಮು ಬಿಟ್ಟಿಲ್ರಿ ಸರ," ಎಂದ. ಅವನ ಊರಿನವರೇ ಅವನನ್ನು ಎಳೆದುಕೊಂಡು ಹೋದರು. "ಮೈಕಿನಾಗ ಹೇಳ್ಯಾರಲೇ, ಸುಮ್ನ ಬಾ." ಹಿರಿಯನೊಬ್ಬ ಟ್ರ್ಯಾಕ್ಟರ್ ಏರುತ್ತ, "ಗೆರಿತನಕ ಬಂದು ದಮ್ಮು ಬಿಟ್ಟನಲ್ಲೋ," ಎಂದು ಹಣೆ ಬಡಿದುಕೊಂಡ. ಅದೇ ಅವನ ಹೆಸರಾಯಿತು. ಹಚ್ಚೊಳ್ಳಿಯಲ್ಲಿ ಈರಣ್ಣ ಬಹಳ ಮಂದಿ ಇದ್ದರು. ಇವನು ದಮ್ಮು ಬಿಟ್ಟ ಈರಣ್ಣ. ಪಂಚಾಯಿತಿ ಕಟ್ಟೆಯ ಮೇಲೆ ಒಂದು ಮಾತಾಡಲು ಎದ್ದರೆ, "ದಮ್ಮು ಹಿಡಕೊಂಡು ಮಾತಾಡಪಾ" ಎಂದು ಯಾರಾದರೂ ಅನ್ನುವುದು, ಉಳಿದವರು ನಗುವುದು. ಅವನು ಆ ವರ್ಷವೇ ಆಟ ಬಿಟ್ಟ ಎಂದು ಕೇಳಿದೆ.

ನಮ್ಮ ಮಾಸ್ತರು ಮಾತ್ರ ಆ ದಾಳಿಯ ಕಥೆ ಬಿಡಲಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಯಾರು ಕೇಳಿದರೂ ಮೊದಲಿನಿಂದ ಹೇಳುತ್ತಿದ್ದರು. ದನಿ ಏರಿಸಿ, ಏರಿಸಿ, ಕೊನೆಗೆ ತಟ್ಟನೆ ಇಳಿಸಿ ಆ ಎರಡು ಶಬ್ದ. ಕೇಳಿದವರು ನಿಟ್ಟುಸಿರು ಬಿಡುತ್ತಿದ್ದರು. ಪ್ರತಿ ಸಲವೂ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಒಮ್ಮೆ ಕೇಳಿಯೂ ಕೇಳಿದೆ: "ಖರೇ ಹೇಳ್ರಿ, ಅವ ದಮ್ಮು ಬಿಟ್ಟಿದ್ನೇನು?" ಅವರು ಲವಂಗ ಜಗಿಯುವುದನ್ನು ನಿಲ್ಲಿಸಿ, "ರೆಫ್ರಿ ಕೊಟ್ಟಾನಲ್ರಿ," ಎಂದರು. ರೆಫ್ರಿಯನ್ನು ಕೇಳಿದ್ದರೆ ಅವನು ಮೈಕಿನ ಕಡೆ ಬೆರಳು ತೋರಿಸುತ್ತಿದ್ದ.

ಎಂಬತ್ತರ ದಶಕದಲ್ಲಿ ಅವರು ನಿವೃತ್ತರಾದರು. ಅಷ್ಟರಲ್ಲಿ ಪಂದ್ಯಗಳಿಗೆ ಹೊಸ ಹುಡುಗರು ಬಂದಿದ್ದರು. ಎಮ್ಮೆ, ಹೊಲದ ಕಥೆ ಅವರಿಗೆ ಬೇಡ. ಮಾಸ್ತರು ಸಂಜೆ ಜಗುಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಸೈಕಲ್ಲುಗಳನ್ನು ನೋಡುತ್ತಿದ್ದರು. ತುಟಿ ಮಾತ್ರ ಆಡುತ್ತಿದ್ದವು.

ಅವರನ್ನು ಮತ್ತೆ ಬದುಕಿಸಿದ್ದು ಒಂದು ವೀಸಿಆರ್. ನಮ್ಮ ಬೀದಿಯ ಕೊನೆಯಲ್ಲಿ ಬಾಷಾ ಎಂಬವನು ವಿಡಿಯೋ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಮಾಳಿಗೆಯಿಂದ ಮಾಳಿಗೆಗೆ ವೈರ್ ಎಳೆದು ಮೂರು ಬೀದಿಗಳ ಟೀವಿಗಳಿಗೆ ಶನಿವಾರ ರಾತ್ರಿ ಎರಡೆರಡು ಸಿನಿಮಾ ತೋರಿಸುತ್ತಿದ್ದ. ತೊಡಕೆಂದರೆ ಬಳ್ಳಾರಿಯ ಬೇಸಿಗೆ. ಮೊದಲ ಸಿನಿಮಾ ಮುಗಿಯುವ ಹೊತ್ತಿಗೆ ಆ ಯಂತ್ರ ಕಾದು ಮುಟ್ಟಲಾಗದಂತಾಗುತ್ತಿತ್ತು. ಅದು ಆರುವ ತನಕ ಅರ್ಧ ತಾಸು ಪರದೆಯ ಮೇಲೆ ಬರೀ ಚುಕ್ಕಿ. ಜನ ಬೈಯುತ್ತಿದ್ದರು. ಬಾಷಾನ ಹತ್ತಿರ ಮದುವೆ ಚಿತ್ರ ತೆಗೆಯುವ ಕ್ಯಾಮೆರಾ ಇತ್ತು. ಒಂದು ದಿನ ಮಾಸ್ತರ ಜಗುಲಿಗೆ ಬಂದು, "ಸರ್, ಮಷೀನು ತಣ್ಣಗಾಗೋ ತನ ನೀವು ಏನಾರ ಮಾತಾಡ್ರಿ," ಎಂದ.

ಮಷೀನು ತಣ್ಣಗಾಗುವ ತನಕ ಮಾತಾಡುವ ಈ ಕೆಲಸಕ್ಕೆ ಅವರು 'ನಡುರಾತ್ರಿ ನಾಲ್ಕು ಮಾತು' ಎಂದು ಹೆಸರಿಟ್ಟು, ಹೊಸ ಕೋಟು ಹೊಲಿಸಿದರು. ಅಂಗಡಿಯ ಹಿಂದಿನ ಗೋಡೌನಿನಲ್ಲಿ ನೀಲಿ ಪರದೆ, ಎರಡು ಕುರ್ಚಿ, ಕಣ್ಣು ಕುಕ್ಕುವ ಒಂದು ದೀಪ. ರಾತ್ರಿ ಹನ್ನೊಂದೂವರೆಗೆ ಸುರು. ಪ್ರತಿ ವಾರ ಒಬ್ಬ ಅತಿಥಿ: ನಿವೃತ್ತ ತಹಸೀಲ್ದಾರರು, ಹಲ್ಲಿನ ಡಾಕ್ಟರು, ಒಗ್ಗರಣೆ-ಮಿರ್ಚಿ ಮಾಡುವ ಹೋಟೆಲಿನವರು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಮಾಸ್ತರಿಗೆ ಬರುತ್ತಿರಲಿಲ್ಲ. ಅತಿಥಿಯನ್ನು ಕಣ್ಣೆದುರಿಗಿಟ್ಟುಕೊಂಡು ಅವನ ಕಾಮೆಂಟರಿ ಹೇಳುತ್ತಿದ್ದರು. "ತಹಸೀಲ್ದಾರರು ಬಲಗಾಲಿನ ಮೇಲೆ ಎಡಗಾಲು ಹಾಕಿದ್ದಾರೆ... ಏನನ್ನೋ ನೆನಪಿಸಿಕೊಳ್ಳುತ್ತಿದ್ದಾರೆ... ನೀರಿನ ಲೋಟಕ್ಕೆ ಕೈ ಹಾಕಿದ್ದಾರೆ!" ವರ್ಷಗಟ್ಟಲೆ ಹಾರ್ನಿನ ಬುಡದಲ್ಲಿ ನಿಂತು ಅವರ ಕಿವಿ ಮಂದವಾಗಿತ್ತು. ಹಾಗಾಗಿ ಅತಿಥಿ ಹೇಳಿದ್ದೂ ಅವರಿಗೆ ತೊಂದರೆ ಕೊಡುತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಹಲ್ಲಿನ ಡಾಕ್ಟರು ಆಡಿದ ಮಾತು ಎರಡು: "ಹೌದ್ರಿ", "ಇಲ್ರಿ". ಮೂರು ಬೀದಿಯ ಜನ ಮಾಳಿಗೆಯ ಮೇಲೆ ಟೀವಿ ಇಟ್ಟುಕೊಂಡು, ಚಾಪೆ ಹಾಸಿ, ಬಿದ್ದು ಬಿದ್ದು ನಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ಮಾಸ್ತರು ತಿಳಿದಿದ್ದರು. ಒಂದು ರೀತಿಯಲ್ಲಿ ಅದು ಮೆಚ್ಚುಗೆಯೇ.

ಒಂದು ಶನಿವಾರ ಟ್ರ್ಯಾಕ್ಟರಿನ ಸಾಮಾನು ಮಾರುವ ಅಂಗಡಿಯ ಮುಂದೆ ಯಾರೋ, "ಸರ್, ಅಂಕ ಬರೀತಿದ್ರಲ್ರಿ ನೀವು," ಎಂದರು. ತಿರುಗಿದರೆ ಈರಣ್ಣ. ಕೂದಲು ಅರ್ಧ ಬೆಳ್ಳಗಾಗಿತ್ತು. ಭುಜ ಮಾತ್ರ ಹಾಗೇ ಇತ್ತು. ಚಹಾ ಕುಡಿಯುತ್ತ ಮಾತಾಡಿದೆವು. ಟ್ರ್ಯಾಕ್ಟರ್ ಓಡಿಸುತ್ತಾನೆ, ಮಗಳ ಮದುವೆ ಮಾಡಿದ್ದಾನೆ, ಎಲ್ಲ ಚೆನ್ನಾಗಿದೆ. ಎದ್ದು ಹೊರಡುವಾಗ, "ಊರಾಗ ಇನ್ನೂ ಹಂಗ ಕರೀತಾರ್ರಿ. ಬೀಗರ ಮುಂದೂ ಕರದ್ರು," ಎಂದ. ನಗುತ್ತಲೇ ಹೇಳಿದ.

"ಇವತ್ತು ರಾತ್ರಿ ನಮ್ಮ ಮನ್ಯಾಗ ಉಳೀಪಾ," ಎಂದೆ. ಆ ವಾರದ ಅತಿಥಿಗೆ ಜ್ವರ ಬಂದಿತ್ತು. ಆ ಕುರ್ಚಿಗೆ ನಾನು ಈರಣ್ಣನನ್ನು ಕಳಿಸಿದೆ. ಯಾಕೆ ಎಂದು ಮಾಸ್ತರಿಗೂ ಹೇಳಲಿಲ್ಲ, ಈರಣ್ಣನಿಗೂ ಹೇಳಲಿಲ್ಲ.

ಮಾಸ್ತರು ಅವನನ್ನು ಕಂಡು ಬಹಳ ಹಿಗ್ಗಿದರು. ದೀಪ ಹತ್ತಿತು, ಬಾಷಾ ಕೈ ಎತ್ತಿದ. "ವೀಕ್ಷಕರೇ, ಇವರು ಯಾರೆಂದು ಬಲ್ಲಿರಾ? ಕುರುಗೋಡಿನ ಆ ಬಯಲು..." ಎಂದು ಸುರುವಾಯಿತು. ಒಬ್ಬನನ್ನು ಮುಟ್ಟಿದ, ಇಬ್ಬರನ್ನು ಮುಟ್ಟಿದ, ದನಿ ಏರಿತು. ನಾನು ಕ್ಯಾಮೆರಾದ ಹಿಂದೆ ನಿಂತಿದ್ದೆ. ದನಿ ಇಳಿಯಿತು. "ದಮ್ಮು ಮುರಿಯಿತು!"

"ಇಲ್ರಿ ಸರ," ಎಂದ ಈರಣ್ಣ. "ನಂದು ದಮ್ಮು ಮುರದಿದ್ದಿಲ್ಲ."

ಮಾಸ್ತರಿಗೆ ಕೇಳಿಸಲಿಲ್ಲ. "ನೋಡಿ ವೀಕ್ಷಕರೇ, ತಮ್ಮ ಸೋಲನ್ನು ಎಷ್ಟು ವಿನಯದಿಂದ ಒಪ್ಪಿಕೊಳ್ಳುತ್ತಿದ್ದಾರೆ!"

ಈರಣ್ಣ ಎದ್ದುನಿಂತ. ಜಗಳಕ್ಕೆ ಎದ್ದನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವನು ಕೈ ಮುಗಿದು, ತನ್ನ ಬಾಯಿಯನ್ನು ಬೆರಳಿನಿಂದ ತೋರಿಸಿ, ಎದೆ ತುಂಬ ಉಸಿರು ಎಳೆದುಕೊಂಡು ಸುರುಮಾಡಿದ: "ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ..."

ಮಾಸ್ತರು ಮೊದಲು ನಕ್ಕರು. "ವಾಹ್ ರೇ ವಾಹ್" ಎಂದರು. ಅವನು ನಿಲ್ಲಿಸಲಿಲ್ಲ. ಗೋಡೌನಿನ ಕಿಟಕಿಯಾಚೆ, ಬೀದಿಯ ಮಾಳಿಗೆಗಳ ಮೇಲಿನ ಟೀವಿಗಳಿಂದಲೂ ಅದೇ ಕಬಡ್ಡಿ ಬರುತ್ತಿತ್ತು. ಮೊದಲು ನಗು ಕೇಳಿಸುತ್ತಿತ್ತು, ಆಮೇಲೆ ಅದು ನಿಂತಿತು. ಅವನ ಕೊರಳಿನ ನರ ಉಬ್ಬಿದವು, ಕಣ್ಣು ಕೆಂಪಾದವು. ಮಾಸ್ತರು ಕುರ್ಚಿಯಿಂದ ಮುಂದಕ್ಕೆ ಬಾಗಿ ಅವನ ತುಟಿಯನ್ನೇ ನೋಡುತ್ತಿದ್ದರು. ಕೇಳಿಸದವರು ನೋಡಿಯೇ ತಿಳಿಯಬೇಕಲ್ಲ. ಮೈಕು ಎದುರಿಗಿರುವಾಗ ಅವರು ಸುಮ್ಮನಿದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಈರಣ್ಣ ಸಾಕಾಗುವ ತನಕ ಅಂದು, ತಾನಾಗಿ ನಿಲ್ಲಿಸಿ, ಕುರ್ಚಿಯಲ್ಲಿ ಕೂತ.

ಗಾಬರಿಬಿದ್ದ ಬಾಷಾ ಎರಡನೆಯ ಸಿನಿಮಾ ಹಾಕಿಬಿಟ್ಟ. ಮಷೀನು ಪೂರ್ತಿ ತಣ್ಣಗಾಗಿರಲಿಲ್ಲ.

ದೀಪ ಆರಿಸಿದ ಮೇಲೆ ಮಾಸ್ತರು ಕೋಟಿನ ಗುಂಡಿ ತಿರುವುತ್ತ ಕೂತಿದ್ದರು. ಆಮೇಲೆ, "ಅವತ್ತೂ ಹಿಂಗ ಆಡ್ತಿದ್ದವು ನಿನ್ನ ತುಟಿ. ನಾ ನೋಡಿದ್ದೆ ತಮ್ಮಾ," ಎಂದರು.

"ನೋಡಿದ್ರಾ?"

"ನೋಡಿದ್ದೆ. ಮಾತು ಬಾಯಿತನಕ ಬಂದುಬಿಟ್ಟಿತ್ತು."

ಗೊತ್ತಿಲ್ಲದೆ ಹೇಳಿದ್ದರೆಂದು ನಾನು ಅವರ ಪರವಾಗಿ ಇಷ್ಟು ವರ್ಷ ವಾದಿಸಿಕೊಂಡಿದ್ದೆ. ಆ ರಾತ್ರಿ ಅವರ ಮೇಲೆ ನನಗೆ ಹೇಸಿಗೆಯಾಯಿತು. ನನ್ನ ಮೇಲೂ ಆಯಿತು.

"ಮುಂದಿನ ಶನಿವಾರ ಇದನ್ನ ಕ್ಯಾಮೆರಾದ ಮುಂದ ಹೇಳ್ತೀನಿ," ಎಂದರು ಮಾಸ್ತರು.

"ನಿಮ್ಮ ಟೀವಿ ಹಚ್ಚೊಳ್ಳಿಗೆ ಬರತೈತೇನ್ರಿ?" ಎಂದು ಈರಣ್ಣ ಜೋರಾಗಿ ಕೇಳಿದ.

ಮಾಸ್ತರು ಬಾಷಾನ ಮುಖ ನೋಡಿದರು. ಬಾಷಾ ಕಿಟಕಿಯಾಚೆ ಕೈ ತೋರಿಸಿ, "ಅಲ್ಲಿ ಬೇವಿನ ಗಿಡ ಐತಲ್ರಿ, ಅಲ್ಲಿತನ ವೈರ್ ಐತಿ," ಎಂದ.

"ಹಂಗಾರ ನಮ್ಮೂರಿಗೇ ಬಂದು ಹೇಳ್ರಿ ಸರ. ಈ ಮಂದಿಗೆ ಹೇಳಿ ಏನು ಮಾಡೋದೈತಿ? ಇವ್ರು ನನ್ನ ಹಂಗ ಕರಿಯೋದಿಲ್ಲ," ಎಂದ ಈರಣ್ಣ.

ಭತ್ತದ ಕಟಾವು ಮುಗಿದ ಮೇಲೆ ಹಚ್ಚೊಳ್ಳಿಯಲ್ಲಿ ಕಬಡ್ಡಿ ಇಟ್ಟರು. ಈರಣ್ಣ ಹೇಳಿಕಳಿಸಿದ. ಅಷ್ಟರಲ್ಲಿ ಮಾಸ್ತರಿಗೆ ಆರೋಗ್ಯ ಕೆಟ್ಟಿತ್ತು, 'ನಾಲ್ಕು ಮಾತು' ನಿಂತಿತ್ತು. ಹೆಂಡತಿ ಬೇಡವೆಂದರೂ ಕೋಟು ಹಾಕಿಕೊಂಡು ಹೊರಟರು, ಜೊತೆಗೆ ನಾನು. ಬಸ್ಸಿನಲ್ಲಿ ಅವರು ತಾಲೀಮು ನಡೆಸಿದ್ದನ್ನು ಕೇಳಿ ನನ್ನ ಜೀವ ಹಾರಿಹೋಯಿತು. "ಕ್ರೀಡಾಭಿಮಾನಿಗಳೇ! ಇಂದು ನಿಮ್ಮ ಮುಂದೆ ಒಬ್ಬ ಅಪರಾಧಿ ನಿಂತಿದ್ದಾನೆ!" ದನಿ ಏರಿತು, ಇಳಿಯಿತು. ಎದುರು ಸೀಟಿನ ಹೆಂಗಸೊಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. "ಹೆಂಗೈತ್ರಿ?" ಎಂದು ನನ್ನನ್ನು ಕೇಳಿದರು. ಕ್ಷಮೆ ಕೇಳಲು ಹೊರಟವರು ಚಪ್ಪಾಳೆಗೆ ಜಾಗ ಬಿಟ್ಟುಕೊಂಡಿದ್ದರು.

ಬಯಲಿನಲ್ಲಿ ಹಚ್ಚೊಳ್ಳಿಯೆಲ್ಲ ಸೇರಿತ್ತು. ಮೈಕು ಹಿಡಿದಿದ್ದವನು ಟೋಪಿ ಹಾಕಿದ ಒಬ್ಬ ಯುವಕ. ಈರಣ್ಣ ಹೋಗಿ ಕೇಳಿದ್ದಕ್ಕೆ, "ಎರಡು ನಿಮಿಷ ಅಷ್ಟ ನೋಡ್ರಿ ಅಜ್ಜಾರ, ಮುಂದಿನ ಮ್ಯಾಚ್ ಐತಿ," ಎಂದು ಮೈಕು ಮಾಸ್ತರ ಕೈಗಿಟ್ಟ. ಮಾಸ್ತರು ಎಡಗೈಯನ್ನು ಕಿವಿಗೆ ಒಯ್ದರು, ಹಿಮ್ಮಡಿ ಎತ್ತಿದರು. ಎದುರಿಗೆ ಈರಣ್ಣ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖ ನೋಡಿದ್ದೇ ಎತ್ತಿದ ಹಿಮ್ಮಡಿ ಕೆಳಗೆ ಬಂತು, ಕೈಯೂ ಇಳಿಯಿತು.

"ನಾ ಬಳ್ಳಾರಿ ಡ್ರಿಲ್ ಮಾಸ್ತರ," ಎಂದರು. ಮನೆಯಲ್ಲಿ ನೀರು ಕೇಳುವಾಗಿನ ದನಿ. "ಈರಣ್ಣ ಅವತ್ತು ಕುರುಗೋಡಿನ್ಯಾಗ ದಮ್ಮು ಬಿಟ್ಟಿದ್ದಿಲ್ಲ. ಅವನ ತುಟಿ ಆಡೋದು ನಾ ಕಣ್ಣಾರೆ ನೋಡಿದ್ದೆ. ಮಾತು ಚಂದ ಆಗತೈತಿ ಅಂತ ಹಂಗಂದೆ. ಆಮ್ಯಾಲ ಅಂಜಿ ಸುಮ್ನಾದೆ. ತಪ್ಪು ನಂದು." ಅಷ್ಟೇ. ಮೈಕು ಕೆಳಗಿಳಿಸಿದರು.

ಆಗ ನನಗೆ ಗೊತ್ತಾಯಿತು. ಕಂಬಕ್ಕೆ ಕಟ್ಟಿದ ಹಾರ್ನಿನಿಂದ ಒಂದಕ್ಷರವೂ ಬಂದಿರಲಿಲ್ಲ. ಆ ಹೊಸ ಮೈಕಿನ ಕುತ್ತಿಗೆಯಲ್ಲಿ ಸ್ವಿಚ್ ಇತ್ತು. ಯುವಕ ಕೈಗೆ ಕೊಡುವಾಗ ಅದನ್ನು ಆರಿಸಿ ಕೊಟ್ಟಿದ್ದ. ಮಾಸ್ತರ ಕಾಲದ ಮೈಕುಗಳಿಗೆ ಸ್ವಿಚ್ ಇರಲಿಲ್ಲ, ತಮ್ಮ ದನಿ ಹಾರ್ನಿನಲ್ಲಿ ಬರುತ್ತಿಲ್ಲವೆಂದು ತಿಳಿಯಲು ಕಿವಿಯೂ ಇರಲಿಲ್ಲ. ಮೇಜಿನ ಪಕ್ಕದಲ್ಲಿದ್ದ ನಾವು ಎರಡು-ಮೂರು ಮಂದಿ ಬಿಟ್ಟರೆ ಹಚ್ಚೊಳ್ಳಿಗೆ ಏನೂ ಕೇಳಿಸಿರಲಿಲ್ಲ. ಯಾರೋ ಹಿರಿಯರು ಆಶೀರ್ವಾದ ಮಾಡಿದರೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮಾಸ್ತರು ಕಣ್ಣು ಒರೆಸಿಕೊಳ್ಳುತ್ತ ಆ ಚಪ್ಪಾಳೆಗೆ ಕೈ ಮುಗಿದರು.

ನಾನು ಮೈಕಿನ ಕಡೆ ಧಾವಿಸಿದೆ. ಈರಣ್ಣ ನನ್ನ ಮಣಿಕಟ್ಟು ಹಿಡಿದ. ಕಬಡ್ಡಿ ಆಡಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಯಾರಿಗೂ ಕೇಳಿಸಿಲ್ಲಪಾ! ಸ್ವಿಚ್ ಹಾಕಿ ಇನ್ನೊಂದು ಸಲ ಹೇಳಸ್ತೀನಿ, ಬಿಡು," ಎಂದೆ.

"ಬ್ಯಾಡ್ರಿ ಸರ," ಎಂದ ಈರಣ್ಣ. ಅವನ ಕಣ್ಣು ಮಾಸ್ತರ ಮೇಲೇ ಇತ್ತು. "ಇನ್ನೊಂದು ಸಲ ಹೇಳಸಿದ್ರ ಅದು ಕಾಮೆಂಟರಿ ಆಗತೈತಿ. ಈಗ ಹೇಳಿದ್ದು ಖರೇ ಇತ್ತು."